ಕಾಂತುನ ಹಾಡು ಬರೆದವರು ಯಾರು

ಸುನೀಲಕುಮಾರ ಸರ್ಕಾರಿ ಬಸ್ಸಿನ ಕಂಡಕ್ಟರ್. ವಯಸ್ಸು ಮೂವತ್ನಾಲ್ಕು. ಹುಟ್ಟೂರು ಯಂಕಂಚಿ, ಈಗ ಸಿಂದಗಿಯಲ್ಲಿ ತಾಯಿ ಸೀತವ್ವನ ಜೊತೆ ಬಾಡಿಗೆ ಮನೆ. ಬಸ್ಸು ಹತ್ತುವವರ ಕಾಲು ನೋಡಿಯೇ ಟಿಕೆಟ್ ತಪ್ಪಿಸುವವರು ಯಾರೆಂದು ಹೇಳಬಲ್ಲೆ ಎನ್ನುವುದು ಅವನ ಹೆಮ್ಮೆ. ನಿದ್ದೆ ಬಂದಂತೆ ಕಣ್ಣು ಮುಚ್ಚಿದವರನ್ನು, ಹತ್ತು ವರ್ಷದ ಮಗನನ್ನು ಐದೆಂದು ಹೇಳಿ ತೊಡೆಯ ಮೇಲೆ ಕೂರಿಸಿಕೊಂಡವರನ್ನು ಎಷ್ಟೋ ಸಲ ಹಿಡಿದಿದ್ದ. ಮನೆಯಲ್ಲೂ ಅದೇ ಚಾಳಿ. ಹಾಲು ಬಂದರೆ ಬೆರಳದ್ದಿ ನೋಡುವನು, ಕಾಯಿಪಲ್ಲೆ ಬಂದರೆ ಮತ್ತೆ ತೂಗುವನು. ಸೀತವ್ವ ಬೇಸತ್ತು, "ನೀ ಮದುವಿ ಹಂದರದಾಗೂ ಹೆಣ್ಣಿನ ಆಧಾರ್ ಕಾರ್ಡ ಕೇಳಾಂವ ಬಿಡಪಾ" ಅನ್ನುತ್ತಿದ್ದಳು.

ಇಂಥವನಿಗೆ ಇನ್ನೊಂದು ಹುಚ್ಚಿತ್ತು. ನೌಕರಿ ಸಿಗುವ ಮುಂಚೆ ಎರಡು ವರ್ಷ ಪುಣೆಯ ಗೋದಾಮೊಂದರಲ್ಲಿ ಪೆಟ್ಟಿಗೆ ಹೊತ್ತಿದ್ದ. ಜೊತೆಯಲ್ಲಿ ಹೊರುವವನೊಬ್ಬ ತನ್ನ ಇಯರ್‌ಫೋನಿನ ಒಂದು ತುದಿಯನ್ನು ಇವನ ಕಿವಿಗೆ ಕೊಟ್ಟ. ಅಲ್ಲಿಂದ ಶುರುವಾಯಿತು ರ‍್ಯಾಪ್. ಯಾರು ಹಾಡಿದರು, ಯಾಕೆ ಹಾಡಿದರು ಎಂದು ಕೆದಕುತ್ತ ಹೋದ. ಐವತ್ತು ವರ್ಷದ ಹಿಂದೆ ನ್ಯೂಯಾರ್ಕ್ ಶಹರದ ಬ್ರಾಂಕ್ಸ್ ಎಂಬ ಬಡ ಓಣಿಗಳಲ್ಲಿ ಕಪ್ಪು ಜನ, ಸುಟ್ಟ ಕಟ್ಟಡಗಳ ನಡುವೆ, ಬೀದಿ ಕಂಬದಿಂದ ಕರೆಂಟು ಎಳೆದುಕೊಂಡು, ಎರಡು ರೆಕಾರ್ಡ್ ತಟ್ಟೆ ತಿರುಗಿಸಿ ಕುಣಿದಿದ್ದರು, ತಾಳದ ಮೇಲೆ ಮಾತು ಹೇರಿದ್ದರು. ಇದನ್ನು ಓದಿದ ದಿನ ಅವನಿಗೆ ತಮ್ಮ ಕೇರಿಯ ಏಪ್ರಿಲ್ ಹದಿನಾಲ್ಕು ನೆನಪಾಯಿತು. ಅಪ್ಪ ರಾವಸಾಬ ಪಕ್ಕದ ಮನೆಯಿಂದ ವೈರು ಎಳೆದು ಸ್ಪೀಕರ್ ಹಚ್ಚಿ ಬಾಬಾಸಾಹೇಬರ ಹಾಡು ಹೇಳುತ್ತಿದ್ದ. ಅವರೂ ನಮ್ಮಂಥವರೇ ಎಂದು ಸುನೀಲಕುಮಾರನಿಗೆ ಗಟ್ಟಿಯಾಗಿ ಅನ್ನಿಸಿತು.

ಊರಿಗೆ ಬಂದು ಕಂಡಕ್ಟರ್ ಆದ ಮೇಲೆ ಮೊಬೈಲಿನಲ್ಲಿ ಒಂದು ಕಾರ್ಯಕ್ರಮ ಶುರು ಮಾಡಿದ. ಹೆಸರು 'ಕೇರಿ ಮಾತು'. ವಾರದ ರಜೆ ಬಂದರೆ ಸಾಕು, ಇಂಡಿಗೋ ಮುದ್ದೇಬಿಹಾಳಕ್ಕೋ ಬಸವನ ಬಾಗೇವಾಡಿಗೋ ಹೋಗಿ, ಅಲ್ಲಿ ರ‍್ಯಾಪ್ ಹಾಡುವವರನ್ನು ಹುಡುಕಿ ಮುಂದೆ ಮೈಕ್ ಇಟ್ಟು ಕೂರುವನು. ಮೊದಲು ಎಲ್ಲಿ ಕೇಳಿದಿ, ಯಾರು ಕಲಿಸಿದರು, ಈ ಮಾತು ಎಲ್ಲಿಂದ ಬಂತು ಎಂದು ಕೇಳುವನು. ಕೇಳುವ ಧಾಟಿ ಹೇಗಿತ್ತೆಂದರೆ, ಮುದ್ದೇಬಿಹಾಳದ ನರ್ಸ್ ಶಿವಾನಿ ಮೊದಲ ಪ್ರಶ್ನೆಗೇ, "ನೀವು ಸಿಐಡಿಯವರೇನ್ರಿ?" ಅಂದಿದ್ದಳು. ಇಂಡಿಯ ಮುಬಿನ ವೆಲ್ಡಿಂಗ್ ಅಂಗಡಿಯವನು, ಆ ಸೀಮೆಯಲ್ಲಿ ಎಲ್ಲರಿಗಿಂತ ಹಳೆಯ ರ‍್ಯಾಪರ್. ಅವನು ಹೇಳಿದ, "ಎದುರಾಎದುರು ನಿಂತು ಹಾಡಿನಾಗ ಬಡಿದಾಡೋದು ಅಮೆರಿಕಾದವ್ರು ಕಲಿಸಿದ್ದೇನ? ನಮ್ಮ ಮುತ್ಯಾಗೋಳು ಹರದೇಶಿ-ನಾಗೇಶಿ ಹಾಡ್ಕಿ ಕೇಳ್ಕೋತ ಬೆಳಗ ಮಾಡ್ಯಾರ. ಒಬ್ರು ಗಂಡು ಹೆಚ್ಚು ಅಂತಿದ್ರು, ಒಬ್ರು ಹೆಣ್ಣು ಹೆಚ್ಚು ಅಂತಿದ್ರು. ಸವಾಲು, ಜವಾಬು. ನಾವು ಬರೇ ಬೀಟ್ ಬದಲಿ ಮಾಡೇವಿ."

ಪ್ರತಿ ಮಾತುಕತೆಯ ಕೊನೆಗೆ ಸುನೀಲಕುಮಾರ ತಪ್ಪದೆ ಒಂದು ಮಾತು ಹೇಳುತ್ತಿದ್ದ: "ತನ್ನ ಮಾತು ತಾನ ಬರೀಲಾರದಾಂವ ರ‍್ಯಾಪರ್ ಅಲ್ಲ." ಕೇಳುವವರು ಮೂರು ಸಾವಿರ ಮುಟ್ಟಿದ ಮೇಲೆ ಆ ಮಾತು ಆ ಭಾಗದ ಹಾಡುವವರಿಗೆಲ್ಲ ಕಾಯಿದೆಯಂತಾಯಿತು.

ಆಗ ಬಂದವನು ಕಾಂತು. ಕನ್ನೊಳ್ಳಿಯ ಕುರುಬರ ಹುಡುಗ, ಇಪ್ಪತ್ತೆರಡು ವರ್ಷ, ಟಂಟಂ ಆಟೋ ಹೊಡೆಯುತ್ತಿದ್ದ. ಅವನ ಒಂದು ಹಾಡು ಹದಿನೈದು ದಿನದಲ್ಲಿ ನಾಲ್ಕೂ ತಾಲ್ಲೂಕಿನ ಮೊಬೈಲುಗಳಲ್ಲಿ ಹರಿದಾಡಿತು.

"ಕಾರ್ಡ ತೆಗಿ ಅಂತಾನ, ಮಾರಿ ನೋಡಂಗಿಲ್ಲ,
ಮಾರಿ ನೋಡಿದ ಮ್ಯಾಲ ಕಾರ್ಡ ನಂಬಂಗಿಲ್ಲ.
ಜ್ವರ ಉಂಡ ಗಲ್ಲ ಐತಿ, ಕದ್ದ ಗಲ್ಲ ಅಲ್ಲ,
ಇಳಿ ಅಂದ್ರ ಇಳಿತೇನಿ, ಹೆಸರ ಇಳಿಯಂಗಿಲ್ಲ."

ಮೊದಲ ಸಲ ಕೇಳಿದಾಗಲೇ ಸುನೀಲಕುಮಾರನ ಕಿವಿ ನೆಟ್ಟಗಾಯಿತು. ಇದು ಬಸ್ಸಿನ ಹಾಡು. ಕಾರ್ಡು ತೋರಿಸಿ ಪುಕ್ಕಟೆ ಟಿಕೆಟ್ ತಗೊಳ್ಳುವವರು ಹೆಂಗಸರು. ಟಂಟಂ ಹೊಡೆಯುವ ಗಂಡು ಹುಡುಗನಿಗೆ ಯಾವ ಕಂಡಕ್ಟರ್ ಕಾರ್ಡು ಕೇಳಿದ?

ಕಾಂತುನನ್ನು ಸಿಂದಗಿಗೆ ಕರೆಸಿ ಮೈಕಿನ ಮುಂದೆ ಕೂರಿಸಿದ. ಹುಡುಗ ಹಾಡಿದಾಗ ಕೋಣೆ ಅಲುಗಾಡಿತು. ಮಾತಿಗೆ ಕುಳಿತಾಗ ಮಾತ್ರ ಒಣಗಿದ.

"ಜ್ವರ ಉಂಡ ಗಲ್ಲ ಅಂದಿಯಲ್ಲ ತಮ್ಮಾ, ಹೆಂಗ ಹೊಳೀತು?"

"ಹಂಗ ಬಂತಣ್ಣಾ."

"ಬಸ್ಸಿನಾಗ ಎಂದ ಅಡ್ಡಾಡಿದಿ?"

"ಕಲ್ಪನಾ ಅಣ್ಣಾ ಅದು."

"ಹೌದಾ? ಹಂಗಾರ ಈಗ ಈ ಕೋಣಿ ಮ್ಯಾಲ ನಾಕು ಸಾಲು ಕಟ್ಟು ನೋಡೋಣ."

ಕಾಂತು ಕೆಮ್ಮಿದ. ಗಂಟಲು ಸರಿ ಇಲ್ಲ ಎಂದು ನೀರು ಕುಡಿದ. ಟಂಟಂ ಅಡ್ಡ ನಿಲ್ಲಿಸಿ ಬಂದೇನಿ ಎಂದು ಎದ್ದವನು ತಿರುಗಿ ಬರಲಿಲ್ಲ.

ಸುನೀಲಕುಮಾರ ಆ ರೆಕಾರ್ಡಿಂಗ್ ಹೊರಗೆ ಬಿಡಲಿಲ್ಲ. ಮೂರು ದಿನ ಅದನ್ನೇ ಹಾಕಿ ಹಾಕಿ ಕೇಳಿದ. ಯಾರೋ ಹೆಣ್ಣುಮಗಳ ಬರಹವನ್ನು ಈ ಹುಡುಗ ಕದ್ದಿದ್ದಾನೆ ಎಂದು ಖಾತ್ರಿಯಾಯಿತು. ಮುಬಿನನಿಗೆ ಫೋನ್ ಮಾಡಿದರೆ, "ನನಗ ಮೊದಲ ದಿನಾನ ಗೊತ್ತಿತ್ತು. ನಿನ್ನ ಕಾರ್ಯಕ್ರಮದಾಗ ಮಾರಿ ಮ್ಯಾಲ ಹೇಳು" ಅಂದ. ಇವನಿಗೆ ಹೊಟ್ಟೆಕಿಚ್ಚೋ ಏನೋ ಎಂದು ಮುಬಿನನ ಮೇಲೂ ಅನುಮಾನ ಬಂತು. ಶಿವಾನಿ ಬರೆದಿರಬಹುದೇ ಎಂದು ಅವಳಿಗೂ ಫೋನ್ ಮಾಡಿದ. ಅವಳು, "ನಾ ಬರದಿದ್ರ ನಾನ ಹಾಡ್ತಿದ್ದೆ, ಇಡ್ರಿ ಫೋನು" ಅಂದಳು. ಕಡೆಗೆ ಕನ್ನೊಳ್ಳಿ ಕಡೆಯ ಡ್ಯೂಟಿ ಬಿದ್ದ ದಿನ ಅಲ್ಲಿಯ ಹಿರಿಯರೊಬ್ಬರನ್ನು ಮಾತಿಗೆಳೆದ. ಕಾಂತುನ ತಂದೆ ಗುರಲಿಂಗಪ್ಪ ಡೊಳ್ಳಿನ ಪದ ಹಾಡುವವನೆಂದೂ, ಅಕ್ಕ ಸುನೀತಾ ಸಿಂದಗಿಯ ಬಜಾರದಲ್ಲಿ ಬ್ಲೌಸ್ ಹೊಲಿಯುತ್ತಾಳೆಂದೂ, ದಿನಾ ಬಸ್ಸಿನಲ್ಲೇ ಓಡಾಡುತ್ತಾಳೆಂದೂ ತಿಳಿಯಿತು.

ಮರುದಿನವೇ ಹೋದ. ಅಂಗಡಿ ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲುವಷ್ಟು. ಮಷಿನ್ ತುಳಿಯುತ್ತಿದ್ದ ಹೆಣ್ಣುಮಗಳು ತಲೆಯೆತ್ತಿ ನೋಡಿದಳು. ಕಾಲು ನಿಲ್ಲಿಸಿದಳು.

"ಕಾರ್ಡ ತೋರಸ್ಲೇನ್ರಿ?" ಅಂದಳು.

ಸುನೀಲಕುಮಾರನಿಗೆ ತಬ್ಬಿಬ್ಬಾಯಿತು. ಅವನು ಯೂನಿಫಾರ್ಮಿನಲ್ಲಿ ಇರಲಿಲ್ಲ.

"ನಾ ನಿಮಗ ಗೊತ್ತೇನ್ರಿ ಅಕ್ಕಾರ?"

"ನಿಮಗ ನಾ ಗೊತ್ತಿಲ್ಲಂತ ನನಗ ಗೊತ್ತೈತಿ. ಹೋದ ವರ್ಷ ದೀಪಾವಳಿ ಮುಂದ ನನಗ ಟೈಫಾಯ್ಡ್ ಆಗಿತ್ತು. ಕೂದಲಾ ಉದುರಿದ್ವು, ಗಲ್ಲಾ ಒಳಗ ಹೋಗಿದ್ವು. ಎದ್ದು ಮೊದಲನೇ ದಿನಾ ಅಂಗಡಿಗೆ ಹೊಂಟಿದ್ದೆ. ನೀವು ಕಾರ್ಡ ನೋಡಿದ್ರಿ, ನನ್ನ ನೋಡಿದ್ರಿ. ಇದು ನಿಂದಲ್ಲ, ಯಾರ ಕಾರ್ಡ ತಂದೀಯಂದ್ರಿ. ನನ್ನ ಹತ್ರ ರೊಕ್ಕಿರಲಿಲ್ಲ. ನಡು ಹಾದ್ಯಾಗ ಇಳಿಸಿದ್ರಿ. ಬಸ್ ತುಂಬ ಮಂದಿ ನೋಡಾಕತ್ತಿತ್ತು."

ಅವನು ನೆನಪು ಮಾಡಿಕೊಳ್ಳಲು ನೋಡಿದ. ಆ ವರ್ಷ ಅವನು ಇಳಿಸಿದವರು ಒಬ್ಬರಲ್ಲ. ಸೆರಗನ್ನು ತಲೆಗೆ ಬಿಗಿದು ಕಟ್ಟಿಕೊಂಡ, ಸಣಕಲು ಮುಖವೊಂದು ಮಸುಕಾಗಿ ಕಂಡಿತು. ಅವತ್ತು ಕಳ್ಳಿಯೊಬ್ಬಳನ್ನು ಹಿಡಿದೆನೆಂದು ಡ್ರೈವರನ ಮುಂದೆ ಬೀಗಿದ್ದೂ ನೆನಪಾಯಿತು. ಕೈಚೀಲದಲ್ಲಿದ್ದ ಮೈಕನ್ನು ಹೊರಗೆ ತೆಗೆಯಲು ಕೈ ಬರಲಿಲ್ಲ.

"ಹಾಡು ನೀವು ಬರದದ್ದು" ಅಂದ.

"ಹೌದು."

"ಮತ್ತ ಕಾಂತು ತನ್ನದು ಅಂತ ಯಾಕ ಹೇಳ್ತಾನ? ನಿಮಗ ಕೇಳಲಾರದ ತಗೊಂಡಾನ?"

ಸುನೀತಾ ನಕ್ಕಳು. ಆ ನಗೆಯಲ್ಲಿ ಖುಷಿಯೇನೂ ಇರಲಿಲ್ಲ.

"ಕಳವು ಬಿಟ್ಟು ಬ್ಯಾರೇ ಏನೂ ತಿಳಿಯಂಗಿಲ್ಲೇನ್ರಿ ನಿಮಗ? ಅಪ್ಪ ಪದ ಹೇಳೂದು ಕೇಳಿ ಕೇಳಿ ನಾ ಬರೀತೇನಿ. ನನಗ ಜೋರ್ಲೆ ಒದರಾಕ ಆಗಂಗಿಲ್ಲ. ತಮ್ಮ ಒದರ್ತಾನ. ಮೊದಲನೇ ಸಲ ಅಕ್ಕ ಬರದಾಳ ಅಂತ ಹೇಳ್ತೇನಿ ಅಂದಿದ್ದ. ಆಮ್ಯಾಲ ನಿಮ್ಮ ಕಾರ್ಯಕ್ರಮ ಕೇಳಿದ. ದನಿ ಮ್ಯಾಲ ನೀವಂತ ನಾ ಗುರ್ತ ಹಿಡಿದೆ. ತನ್ನ ಮಾತು ತಾನ ಬರೀಲಾರದಾಂವ ರ‍್ಯಾಪರ್ ಅಲ್ಲ ಅಂದ್ರಿ. ಅಂದಿನಿಂದ ಬಾಯಿ ಬಿಟ್ಟಿಲ್ಲ. ಅಂಜ್ಯಾನ."

ಸುನೀಲಕುಮಾರ ಸ್ಟೂಲಿನ ಮೇಲೆ ಕುಳಿತ. ಕಳ್ಳನನ್ನು ಹಿಡಿಯಲು ಬಂದವನು, ತನ್ನ ಮಾತಿಗೆ ಅಂಜಿಯೇ ಆ ಹುಡುಗ ಸುಳ್ಳು ಹೇಳಿದನೆಂದು ಕೇಳಬೇಕಾಯಿತು. ಆದರೂ ಮನಸ್ಸಿನ ಒಂದು ಮೂಲೆ, ಇವರಿಬ್ಬರೂ ಕೂಡಿ ನನ್ನನ್ನು ಏಮಾರಿಸುತ್ತಿಲ್ಲ ತಾನೇ ಎಂದು ಕೇಳಿತು. ಆ ಮೂಲೆಯ ಮಾತಿಗೆ, "ಬರದದ್ದು ಐತೇನ್ರಿ?" ಅಂದೇಬಿಟ್ಟ.

ಅವಳು ಅಳತೆ ಬರೆಯುವ ವಹಿಯನ್ನು ಅವನ ಮುಂದೆ ಒಗೆದಳು. ಎದೆ, ಸೊಂಟ, ತೋಳಿನ ಅಳತೆಗಳ ಮಗ್ಗುಲಲ್ಲೇ ಸಾಲುಗಳಿದ್ದವು. ಹೊಡೆದು ಹಾಕಿದ್ದು, ತಿದ್ದಿದ್ದು, ಮತ್ತೆ ಬರೆದದ್ದು. 'ಕದ್ದ ಗಲ್ಲ ಅಲ್ಲ' ಎಂಬ ಮಾತಿಗೆ ಮುಂಚೆ ನಾಲ್ಕು ಬೇರೆ ಮಾತು ಬರೆದು ಕಾಟು ಹಾಕಿದ್ದಳು. ಅವನು ಪುಟ ಮಗುಚುತ್ತ ಹೋದ. ಹನ್ನೊಂದು ಹಾಡುಗಳಿದ್ದವು.

"ತಪ್ಪಾತ್ರಿ ಅಕ್ಕಾರ" ಅಂದ. ವಹಿ ಮುಚ್ಚಿ ಅವಳ ಮುಂದಿಟ್ಟು, "ನೀವು ನನ್ನ ಕಾರ್ಯಕ್ರಮದಾಗ ಮಾತಾಡ್ತೀರೇನು?" ಎಂದು ಕೇಳಿದ.

"ನಿಮ್ಮನ್ನ ಹೆಂಗ ನಂಬ್ಲಿ? ನೀವು ಕತ್ತರಿಸಿ ನಿಮಗ ಬೇಕಾದ್ದಷ್ಟ ಹಾಕ್ತೀರಿ."

"ಏನ ಮಾಡ್ಬೇಕು ಹೇಳ್ರಿ."

"ಹಾಡಿನ್ಯಾಗಿನ ಕಂಡಕ್ಟರ್ ಯಾರಂತ ನೀವ ಹೇಳ್ಬೇಕು. ಹೆಸರು ಹಚ್ಚಿ. ಹೊರಗ ಬಿಡೂಕಿಂತ ಮೊದಲ ಪೂರಾ ನನಗ ಕೇಳಿಸ್ಬೇಕು."

ಮುಂದಿನ ರವಿವಾರ ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದು ಮಾತಾಡಿದರು. ಬಾಗಿಲ ಬಳಿ ಕಾಂತು ತಲೆ ತಗ್ಗಿಸಿ ಕೂತಿದ್ದ. ಸುನೀತಾ ಡೊಳ್ಳಿನ ಪದದಲ್ಲಿ ಉಸಿರು ಎಲ್ಲಿ ನಿಲ್ಲಿಸಬೇಕೆಂದು ಅಪ್ಪ ಹೇಳಿಕೊಟ್ಟದ್ದನ್ನು ಹೇಳಿದಳು. ಅದೇ ಲೆಕ್ಕದಲ್ಲಿ ಬೀಟಿಗೆ ಮಾತು ಕೂರಿಸುವುದನ್ನು ಕತ್ತರಿಯಿಂದ ಮೇಜು ಬಡಿದು ತೋರಿಸಿದಳು. ಸುನೀಲಕುಮಾರ ಮೈಕಿಗೆ ಬಾಯಿ ಹಚ್ಚಿ, "ಆ ಕಂಡಕ್ಟರ್ ನಾನ" ಅಂದ. ಎರಡು ಸಲ ಅಳಿಸಿ ಮತ್ತೆ ಹೇಳಿದ, ಮೂರನೇ ಸಲ ಸರಿಯಾಗಿ ಬಂತು.

ಅವಳು ಪೂರ್ತಿ ಕೇಳಿ ಹೂಂ ಅಂದ ಮೇಲೆ ಅದು ಹೊರಗೆ ಬಂತು. ಡಿಪೋದ ಸಾಹೇಬರು ಅವನನ್ನು ಕರೆಸಿ, "ನಿನ್ನ ಮ್ಯಾಲ ನೀನ ಕಂಪ್ಲೇಂಟ್ ಕೊಟ್ಟಿಯೇನೋ?" ಎಂದು ಲಿಖಿತ ಉತ್ತರ ಕೇಳಿದರು. ಬರೆದುಕೊಟ್ಟ. ಸೀತವ್ವ ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ, "ಆ ಹೆಣ್ಣುಮಗಳು ನಡಕೋತ ಮನಿ ಮುಟ್ಟಿದ್ಲೇನೋ?" ಎಂದಷ್ಟೇ ಕೇಳಿದಳು.

ಕಾಂತುನಿಗೆ ಆದದ್ದು ಅದಕ್ಕಿಂತ ಕೆಟ್ಟದ್ದು. ಅಕ್ಕನ ಬಾಯಿ ಎಂದು ಹುಡುಗರು ಹೆಸರಿಟ್ಟರು. ಬಾಗೇವಾಡಿಯಲ್ಲಿ ರ‍್ಯಾಪರುಗಳೆಲ್ಲ ಸೇರಿದ ದಿನ ಮುಬಿನ ಎದುರು ನಿಂತು ಅವನನ್ನು ಹಾಡಿನಲ್ಲೇ ಸುಲಿದ. ಕಾಂತು ಜವಾಬಿಗೆ ತಾನೇ ಕಟ್ಟಿದ ಎಂಟು ಸಾಲು ಹೇಳಿದ. ನಾಲ್ಕು ಕುಂಟಿದವು, ಒಂದಕ್ಕೆ ಪ್ರಾಸವೇ ಕೂಡಲಿಲ್ಲ. ಜನ ನಕ್ಕರು. ಅವನು ಇಳಿದು ಹೋಗಲಿಲ್ಲ. ಬೆವರು ಒರೆಸಿಕೊಂಡು, "ಇದು ನಂದು. ಇನ್ನ ಹಾಡೂದು ಅಕ್ಕಂದು" ಎಂದು ಹೇಳಿ ಬಸ್ಸಿನ ಹಾಡು ಶುರು ಮಾಡಿದ. ಮುಬಿನನೂ ಕೈಕಟ್ಟಿ ನಿಂತು ಕೇಳಿದ. ಸುನೀಲಕುಮಾರ ಮೊದಲಿನಿಂದ ಕೊನೆಯವರೆಗೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡ.

ಸುನೀತಾ ಅವತ್ತು ಬಂದಿರಲಿಲ್ಲ, ಮದುವೆ ಸೀಸನ್ನು, ಕೈತುಂಬ ಬ್ಲೌಸುಗಳು. ಸಂಜೆ ಸುನೀಲಕುಮಾರ ಅಂಗಡಿಗೆ ಹೋಗಿ ನಡೆದದ್ದನ್ನೆಲ್ಲ ಹೇಳತೊಡಗಿದ. ಅವಳು ಸೂಜಿಗೆ ದಾರ ಪೋಣಿಸುತ್ತ ಕೇಳಿದಳು.

"ನೀವು ಹೇಳೂದು ಬ್ಯಾಡ. ರೆಕಾರ್ಡ ಮಾಡೀರಲ್ಲ, ಅದನ್ನ ಹಚ್ರಿ" ಅಂದಳು.

ಅವನು ಮೊಬೈಲು ತೆಗೆದು ಮೇಜಿನ ಮೇಲಿಟ್ಟು, ಏನೂ ಕತ್ತರಿಸದ ರೆಕಾರ್ಡಿಂಗನ್ನು ಮೊದಲಿನಿಂದ ಹಚ್ಚಿದ.