ಗೋಡೆಯ ಮೇಲಿನ ಕರಿಮೋಡ

ಕೊಟ್ಟೂರಿನ ಲಾಡ್ಜು, ಕಟಿಂಗ್ ಶಾಪು, ಐಸ್‌ಕ್ರೀಂ ಅಂಗಡಿ, ಎಲ್ಲ ಕಡೆಯ ಗೋಡೆಗಳ ಮೇಲೂ ನಾನು ಬರೆದ ಸಮುದ್ರಗಳಿವೆ. ನಾನು ಮಾತ್ರ ಸಮುದ್ರ ಕಂಡವನಲ್ಲ. ಕ್ಯಾಲೆಂಡರ್ ನೋಡಿ ಅಲೆ ಬರೆಯುತ್ತೇನೆ, ಬಂಡೆಗೆ ಕೂಡ್ಲಿಗಿಯ ಗುಡ್ಡಗಳೇ ಸಾಕು. ಇದುವರೆಗೆ ಯಾರೂ ತಪ್ಪು ಹಿಡಿದಿಲ್ಲ. ಹಿಡಿಯುವವರು ಇಲ್ಲಿ ಯಾರಿದ್ದಾರೆ?

ಕಾನಹೊಸಹಳ್ಳಿ ಹತ್ತಿರ ಕುರಿ ಸಾಕುವವರೊಬ್ಬರ ಹೊಸ ಮನೆಯ ಗೃಹಪ್ರವೇಶ ಮರುದಿನವಿತ್ತು. ಲಾರಿ ಓಡಿಸುವ ಮಗ ಕುಮಟಾ ಕಡೆಯ ಹುಡುಗಿಯನ್ನು ಮೆಚ್ಚಿ ಮದುವೆಯಾಗಿದ್ದ. ಸೊಸೆಗೆ ತವರು ಕಣ್ಣೆದುರೇ ಇರಲಿ ಎಂದು ಹಾಲ್‌ನ ಗೋಡೆಗೆ ಸಮುದ್ರ ಬರೆಸುತ್ತಿದ್ದವರು ಅತ್ತೆ. ನಾನು ಬರೆದ ಬಿಳಿ ಮೋಡ ನೋಡಿ ಅವರು ಮುಖ ಸಿಂಡರಿಸಿದರು.

"ಬಿಳಿ ಮೋಡ ಯಾಕ್ರಿ? ಹೊಸ ಮನಿಯಾಗ ಬರಗಾಲ ಬರೀತೀರೇನು? ಕರ್ರಗ ಮಾಡ್ರಿ."

ನಮ್ಮ ಕಡೆ ಇದೇ ಗೋಳು. ಮೋಡ ಕಪ್ಪಿದ್ದರೇ ಶುಭ. ಸಿಟ್ಟು ಬಂದರೂ ಬಣ್ಣ ಕಲಸಿದೆ. ಬಂಡೆಗೆ ಬಡಿಯುವ ಅಲೆಗಳ ಮೇಲೆ ಕಾರ್ಮೋಡ ಕವಿಸಿದೆ. ಸುಳ್ಳೇಕೆ, ಚೆನ್ನಾಗಿಯೇ ಬಂತು.

ಅಷ್ಟರಲ್ಲಿ ಸೊಸೆ ಫೋನ್ ಹಿಡಿದು ಒಳಗೆ ಬಂದಳು. ಮೀನಿಗೆ ಹೋಗಿದ್ದ ಅವಳಪ್ಪನ ದೋಣಿ ಬೆಳಗ್ಗೆಯೇ ಮರಳಬೇಕಿತ್ತು. ಸಮುದ್ರದಲ್ಲಿ ಗಾಳಿ ಎದ್ದಿದೆಯಂತೆ, ಅಪ್ಪನ ಫೋನ್ ಹತ್ತುತ್ತಿಲ್ಲ. ಗೋಡೆ ನೋಡಿದವಳು ಅಲ್ಲೇ ನಿಂತುಬಿಟ್ಟಳು.

"ಅಳಿಸಿ. ಆ ಮೋಡ ಅಳಿಸಿಬಿಡಿ."

"ಮನಿ ಹೊಗೋ ಮುಂದ ಮಳಿಮೋಡ ಅಳಿಸ್ತಾರೇನವಾ?" ಮಾವ ಗದರಿದರು. "ಮುಟ್ಟಬ್ಯಾಡ್ರಿ ಪೇಂಟರ್ರ."

ಯಾರ ಮಾತು ಕೇಳಲಿ? ಅವಳು ಮತ್ತೆ ಮತ್ತೆ ಫೋನ್ ಹಚ್ಚುತ್ತಲೇ ಇದ್ದಳು. ಆ ದೋಣಿಯ ಮೇಲೆ ಮೋಡ ಎಳೆದವನು ನಾನೇ ಏನೋ ಎಂದು ನನಗೆ ಹೆದರಿಕೆಯಾಯಿತು. ಬಣ್ಣಕ್ಕೆ ಅಂಥ ಶಕ್ತಿ ಇಲ್ಲವೆಂದು ಗೊತ್ತಿದ್ದೂ ಹೆದರಿಕೆಯಾಯಿತು.

ಅತ್ತೆ ಮುಂದೆ ಬಂದರು. ಬಿಳಿ ಬಣ್ಣದ ಡಬ್ಬಿಗೆ ಕೈ ಅದ್ದಿ, ಅಂಗೈಯಿಂದಲೇ ಮೋಡದ ಮೇಲೆ ಸವರತೊಡಗಿದರು. ಹುಲ್ಲು ಒಣಗಿ ಕುರಿಗಳು ಅರೆಹೊಟ್ಟೆಯಲ್ಲಿದ್ದ ದಿನಗಳವು.

"ಏನ್ ಮಾಡ್ತಿ ಲೇ?" ಎಂದರು ಮಾವ.

"ಬೀಗರು ದಂಡಿಗೆ ಬರ್ಲಿ ಮೊದ್ಲು. ಮಳಿ ಆಮ್ಯಾಲ ಬರ್ತೈತಿ."

ದೀಪ ಹಚ್ಚುವ ಹೊತ್ತಿನವರೆಗೂ ಆ ಮನೆಯಲ್ಲಿ ಯಾರೂ ಊಟದ ಮಾತೆತ್ತಲಿಲ್ಲ. ನಾನೂ ಹೊರಡಲಿಲ್ಲ. ಕೊನೆಗೆ ಫೋನ್ ಬಂತು. ಸೊಸೆ ಸ್ಪೀಕರ್ ಹಾಕಿದಳು.

"ದಡಕ್ಕೆ ಬಂದೆ ಮಗಾ," ಎಂದಿತು ದಣಿದ ದನಿ. "ನಿಮ್ಮಲ್ಲಿ ಮಳೆ ಬಿತ್ತಾ?"

ಅವಳು ಅಳುತ್ತಿದ್ದಳು. ಅತ್ತೆ ಫೋನಿನ ಹತ್ತಿರ ಬಾಗಿದರು.

"ಇನ್ನೂ ಇಲ್ರಿ ಬೀಗರ. ನೀವು ಬಂದ್ರಲ್ಲ, ಸಾಕು."