ಹಿಂದಿನ ಬೆಂಚಿನ ಪಾಠ

ಜಿಲ್ಲಾ ನ್ಯಾಯಾಧೀಶೆಯಾಗಿ ನಿವೃತ್ತಳಾಗಿ ಉಡುಪಿಯ ಕಡಿಯಾಳಿಯ ಮನೆಯಲ್ಲಿ ಆರಾಮವಾಗಿದ್ದ ನನಗೆ, ಕಾರ್ಕಳಕ್ಕೆ ಹೊಸದಾಗಿ ಬಂದ ನ್ಯಾಯಾಧೀಶೆಯೊಬ್ಬರಿಗೆ ಮಾರ್ಗದರ್ಶನ ಮಾಡುವ ಕೆಲಸ ಬಂತು. ಬೀದರಿನ ಹುಡುಗಿ, ಕಾನೂನು ಬಾಯಿಪಾಠ, ಧ್ವನಿ ಮಾತ್ರ ಪಿಸುಮಾತು. ಒಂದು ದಿನ ಅವಳ ಕಲಾಪ ನೋಡಲು ಹೋದೆ. ಮುಂದಿನ ಕುರ್ಚಿಗೆ ಕರೆದರೂ ಹೋಗದೆ ಹಿಂದಿನ ಬೆಂಚಿನಲ್ಲಿ ಕುಳಿತೆ.

ಪಕ್ಕದಲ್ಲಿ ಬಜಗೋಳಿಯಿಂದ ಬಂದ ಹೆಂಗಸು. ಬಾವಿಗೆ ಹೋಗುವ ದಾರಿಯ ಬಗ್ಗೆ ನೆರೆಯವರೊಂದಿಗೆ ಅವಳ ವ್ಯಾಜ್ಯ.

"ಅಕ್ಕ, ನಿಮ್ಮದು ಎಂತ ಕೇಸು?" ಎಂದು ಕೇಳಿದಳು.

"ನನ್ನದೆಲ್ಲ ಮುಗಿದಿದೆ" ಎಂದೆ.

"ಪುಣ್ಯವಂತರು! ಆದರೂ ಬಂದು ಕೂತಿದ್ದೀರಲ್ವಾ?"

ಅಷ್ಟರಲ್ಲಿ ಬಾವಿ ದಾರಿಯ ಕೇಸು ಬಂತು, ಎದುರು ಪಕ್ಷದ ವಕೀಲರು ಸಮಯ ಕೇಳಿದರು. ನನ್ನ ಶಿಷ್ಯೆ ಏನೋ ಗೊಣಗಿದಳು, ಗುಮಾಸ್ತರು ಬರೆದುಕೊಂಡರು, ಕಡತ ಬದಿಗೆ ಹೋಯಿತು. ಬಹಳ ಹೊತ್ತಿನ ಮೇಲೆ ಹೆಂಗಸು ನನ್ನ ಕೈ ತಟ್ಟಿದಳು. "ನನ್ನದು ಯಾವಾಗ ಕರೀತಾರೆ?"

"ಕರೆದಾಯಿತಲ್ಲಮ್ಮ. ಮುಂದೂಡಿದರು."

"ಅಯ್ಯೋ, ನನ್ನ ಹತ್ರ ಯಾರೂ ಹೇಳಲೇ ಇಲ್ಲ ಮಾರಾಯ್ರೆ!"

ನಾನೂ ಎಷ್ಟೋ ವರ್ಷ ಎತ್ತರದ ಆಸನದಲ್ಲಿ ಕುಳಿತವಳೇ. ಅಲ್ಲಿಂದ ಹಿಂದಿನ ಬೆಂಚು ಇಷ್ಟು ದೂರವೆಂದು ಗೊತ್ತಿರಲಿಲ್ಲ.

ಮಧ್ಯಾಹ್ನ ಕೊಠಡಿಗೆ ಹೋದಾಗ ಶಿಷ್ಯೆ ಸಾಕ್ಷ್ಯ ಕಾಯ್ದೆಯ ಪುಸ್ತಕ ತೆರೆದಿಟ್ಟು ಕಾಯುತ್ತಿದ್ದಳು. "ಏನು ತಪ್ಪಾಯ್ತು ಹೇಳ್ರಿ, ಮೇಡಂ."

"ಕಾನೂನಿನಲ್ಲಿ ಏನೂ ತಪ್ಪಿಲ್ಲ. ನೀನು ಹೇಳಿದ್ದು ಹಿಂದೆ ಕೂತವರಿಗೆ ಕೇಳಿಸಲಿಲ್ಲ" ಎಂದು ನಡೆದದ್ದನ್ನು ಹೇಳಿದೆ. ಅವಳ ಮುಖ ಕೆಂಪಾಯಿತು. ಊಟದ ಡಬ್ಬಿ ಮುಚ್ಚಿ, ಕಲಾಪ ಶುರುವಾಗುತ್ತಲೇ ಎರಡೂ ಕಡೆಯ ವಕೀಲರನ್ನೂ ಆ ಹೆಂಗಸನ್ನೂ ಕರೆಸಿದಳು.

"ಅಮ್ಮಾ, ಎದುರಿನವರು ಕಾಗದಪತ್ರ ತರಲು ಸಮಯ ಕೇಳಿದ್ದಾರೆ. ಇದೊಂದು ಸಲ ಕೊಟ್ಟಿದ್ದೇನೆ, ಮತ್ತೆ ಕೊಡುವುದಿಲ್ಲ. ಮುಂದಿನ ಸಲ ನಿಮ್ಮ ಮಾತು ಕೇಳುತ್ತೇನೆ." ಕೋಣೆಯಿಡೀ ಕೇಳಿಸಿತು.

"ಹೀಗೆ ಹೇಳಿದ್ರೆ ಅರ್ಥ ಆಗ್ತದೆ" ಎಂದ ಹೆಂಗಸು ಹೊರಡುವಾಗ ನನ್ನ ಬಳಿ ಬಗ್ಗಿ, "ಈ ಅಮ್ಮ ಒಳ್ಳೆಯವರು. ನಿಮಗೆ ಇನ್ನೊಂದು ಕೇಸು ಬಂದ್ರೆ ಇಲ್ಲಿಯೇ ಹಾಕಿ" ಎಂದಳು.

ಮುಂದಿನ ತಿಂಗಳು ಮಣಿಪಾಲದಲ್ಲಿ ಕಿರಿಯ ನ್ಯಾಯಾಧೀಶರಿಗೆ ತರಬೇತಿ. ಪಾಠ ನನ್ನದು. ಶಿಷ್ಯೆ ಎದ್ದು, "ಮೇಡಂ, ಮೈಕ್ ಬ್ಯಾಡ. ನೀವು ಕೋರ್ಟಿನಾಗ ಓದ್ತಿದ್ದಂಗ ಒಂದು ಆದೇಶ ಓದ್ರಿ. ನಾವೆಲ್ಲ ಹಿಂದ ಕೂಡ್ತೀವಿ" ಎಂದಳು. ಎಲ್ಲರೂ ಕೊನೆಯ ಸಾಲಿಗೆ ಹೋದರು. ನಾನು ಗಂಭೀರವಾಗಿ ಓದಿ ಮುಗಿಸಿ ತಲೆಯೆತ್ತಿದೆ.

"ಏನು ಆದೇಶ ಆಯಿತು?" ಎಂದು ಕೇಳಿದೆ.

ಯಾರಿಗೂ ಗೊತ್ತಿಲ್ಲ! ಉಡುಪಿಯ ಯುವ ನ್ಯಾಯಾಧೀಶನೊಬ್ಬ ಎದ್ದು ನಿಂತು, "ಮೇಡಂ, ನಾವು ಗೆದ್ದದ್ದಾ, ಸೋತದ್ದಾ?" ಎಂದ. ಸಭಾಂಗಣವೆಲ್ಲ ನಗು. ನಾನೂ ಕಣ್ಣೀರು ಬರುವಷ್ಟು ನಕ್ಕೆ. ಆಮೇಲೆ ಕನ್ನಡಕ ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡು, ಮೊದಲಿನಿಂದ ಓದತೊಡಗಿದೆ.