ಹದಿನೇಳು ಇಂಚಿನ ಹೆದ್ದಾರಿ

ಶೋರ್ಮೆ ಕಂಪ್ಯೂಟರಿನ ಮುಖ ನೋಡುವವಳಲ್ಲ. ಅಕ್ರಾದ ಸರ್ಕಲ್ ಮಾರುಕಟ್ಟೆಯಲ್ಲಿರುವ ಅವಳ ನಾಲ್ಕಡಿ ಅಗಲದ ಅಂಗಡಿಗೆ ನೀವು ಎಂಥ ಮಿರಿಮಿರಿ ಮಿಂಚುವ ಪೆಟ್ಟಿಗೆಯನ್ನೇ ಹೊತ್ತು ತನ್ನಿ, ಮೊದಲು ಅದನ್ನು ತಿರುಗಿಸಿ ಬೆನ್ನು ನೋಡುತ್ತಾಳೆ. ಕಸುಬು ಕಲಿಯಲು ಬಂದ ಮೊದಲ ವಾರ, ಅಮೆರಿಕದ ಯಾವುದೋ ಆಫೀಸಿನಿಂದ ಕಂಟೇನರಿನಲ್ಲಿ ಬಂದ ಪೆಟ್ಟಿಗೆಯೊಂದನ್ನು ಅವಳು ಹಿಂದೆಮುಂದೆ ನೋಡದೆ ಗೋಡೆಯ ಕರೆಂಟಿಗೆ ಚುಚ್ಚಿದ್ದಳು. ಬೆನ್ನಿನ ಮೇಲಿದ್ದ ಪುಟ್ಟ ಕೆಂಪು ಸ್ವಿಚ್ಚು ಅವರ ದೇಶದ ನೂರಹದಿನೈದು ವೋಲ್ಟಿಗೇ ನಿಂತಿತ್ತು, ನಮ್ಮ ಗೋಡೆಯಲ್ಲಿ ಹರಿಯುವುದು ಇನ್ನೂರಮೂವತ್ತು. ಢಂ ಎಂದಿತು. ಹೊಗೆಗೆ ಹೆದರಿ ಓಣಿಯ ಅರ್ಧ ಜನ ಬೀದಿಗೆ ಓಡಿದರು. ಆ ಓಣಿಯಲ್ಲಿ ಆ ತಪ್ಪು ಮಾಡದೆ ದೊಡ್ಡವರಾದವರು ಯಾರೂ ಇಲ್ಲ. ಆದರೆ ಎರಡನೆಯ ಸಲ ಮಾಡದೆ ಉಳಿದವಳು ಬಹುಶಃ ಅವಳೊಬ್ಬಳೇ.

ಈಗ ಅವಳಿಗೆ ಮೂವತ್ತೆಂಟು. ಗೇಮ್ ಆಡುವ ಕಂಪ್ಯೂಟರು ಕಟ್ಟಿಕೊಡುವುದು ಕೆಲಸ. ಹೊಸ ಮಾಲಿನ ಸುದ್ದಿಯೇ ಇಲ್ಲ, ಎಲ್ಲ ಹೋಂ-ಯೂಸ್ಡ್. ಹೊರದೇಶದವರು ಬಳಸಿ ಬಿಟ್ಟ ಸಾಮಾನಿಗೆ ನಮ್ಮಲ್ಲಿ ಅದೇ ಹೆಸರು. ಜರ್ಮನಿಯ ವಿಮಾ ಕಚೇರಿಯಲ್ಲಿ ಹತ್ತು ವರ್ಷ ಕಾಗದಪತ್ರ ಬರೆದು ಬೇಸತ್ತು ಬಂದ ಕಂಪ್ಯೂಟರು, ಅವಳ ಕೈ ಸೇರಿದ ಮೂರನೆಯ ದಿನ ಫುಟ್‌ಬಾಲ್ ಆಡಿಸುತ್ತದೆ, ರಾಕ್ಷಸರನ್ನು ಅಟ್ಟಿಸಿಕೊಂಡು ಹೋಗುತ್ತದೆ. ಕಾಲೇಜು ಹುಡುಗರು ಅರ್ಧ ದುಡ್ಡು ಹಿಡಿದು ಬಂದು ಪೂರ್ತಿ ಕನಸು ಹೇಳುತ್ತಾರೆ. "ಹಾಸಿಗೆ ಇದ್ದಷ್ಟು ಕಾಲು ಚಾಚ್ರಪ್ಪಾ" ಎಂದು ಗದರುತ್ತಲೇ ಅವಳು ಹಾಸಿಗೆಯನ್ನೇ ಅಷ್ಟಿಷ್ಟು ಎಳೆದು ಉದ್ದ ಮಾಡಿಕೊಡುತ್ತಾಳೆ. ಇಂಥ ಹೆಂಗಸಿಗೂ ಒಂದು ಹಠವಿತ್ತು. ಪರದೆ ಮಾತ್ರ ದೊಡ್ಡದೇ ಇರಬೇಕು. ಆಟ ಕಣ್ತುಂಬ ಇರದಿದ್ದರೆ ಅದು ಆಟವೇ ಅಲ್ಲ ಎಂದು ಅವಳು ಬಂದವರಿಗೆಲ್ಲ ಸಾರುತ್ತಿದ್ದಳು.

ಅತಾ ಓಕಾಯ್ ಅವಳ ಅಂಗಡಿಗೆ ಬಂದದ್ದು ಒಂದು ಮಂಗಳವಾರ ಬೆಳಗ್ಗೆ. ಅತಾ ಎಂದರೆ ನಮ್ಮ ಗಾ ಮಂದಿಯ ಬಾಯಲ್ಲಿ ಅಪ್ಪ. ವಯಸ್ಸಾದವರನ್ನೆಲ್ಲ ಹಾಗೇ ಕರೆಯುವುದು. ಮುದುಕರ ನಡಿಗೆಯೇ ವಿಚಿತ್ರವಾಗಿತ್ತು. ಕಾಳು ಹುಡುಕುವ ಕೋಳಿಯಂತೆ ಕತ್ತನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ತಿರುಗಿಸಿ ಹೆಜ್ಜೆ ಇಡುತ್ತಿದ್ದರು. ಶೋರ್ಮೆ ಸ್ಟೂಲು ಒರೆಸಿ ಕೂರಿಸಿ ನೀರು ಕೊಟ್ಟಳು. ಅವರು ಕುಡಿದು ಲೋಟ ಕೆಳಗಿಟ್ಟ ಮೇಲೆ ಬಂದ ಕಾರಣ ಕೇಳಿದಳು.

"ಒಳಗೆ ಲಾರಿ ಇರೋ ಕಂಪ್ಯೂಟರ್ ಬೇಕಿತ್ತು ಮಗಳೇ."

ಪಕ್ಕದ ಮಳಿಗೆಯಲ್ಲಿ ಫೋನು ರಿಪೇರಿ ಮಾಡುವ ಬಫೋಗೆ ಸುಮ್ಮನಿರಲಾಗಲಿಲ್ಲ. "ಲಾರಿ ಬೇಕಂದ್ರೆ ಸ್ಟ್ಯಾಂಡ್ ಆ ಕಡೆ ಇದೆ ಅತಾ. ಇಲ್ಲಿ ಬರೀ ಮೌಸ್ ಸಿಗತ್ತೆ!"

"ನಿನ್ನ ಬಾಯಿಗೆ ಒಂದ್ ಬ್ರೇಕ್ ಹಾಕ್ಸಪ್ಪಾ ಮೊದ್ಲು," ಎಂದರು ಮುದುಕರು, ಆ ಕಡೆ ತಿರುಗದೆ. "ನನ್ ಮೊಮ್ಮಗಳ ಫೋನಲ್ಲಿ ನೋಡಿದೀನಿ. ಲಾರಿ, ಹಿಂದೆ ಟ್ರೇಲರ್ರು, ಗೇರು, ಇಂಡಿಕೇಟ್ರು ಎಲ್ಲಾ ಇದೆ. ಆದ್ರೆ ಫೋನ್ ಚಿಕ್ಕದು, ಬೆರಳಲ್ಲಿ ಉಜ್ಜಿ ಓಡಿಸ್ಬೇಕು. ಲಾರೀನ ಬೆರಳಲ್ಲಿ ಉಜ್ತಾರೇನಮ್ಮಾ? ಅದೇನು ಬೆಕ್ಕಾ?"

ಶೋರ್ಮೆ ನಕ್ಕಳು. ಆಮೇಲೆ ಅವರು ಹೇಳಿದ್ದನ್ನು ಕೇಳಿ ನಗು ನಿಂತಿತು. ಮೂವತ್ತೊಂದು ವರ್ಷ ಅವರು ತೇಮಾ ಬಂದರಿನಿಂದ ಉತ್ತರದ ಗಡಿ ದಾಟಿ ವಾಗಡೂಗು, ನಿಯಾಮಿವರೆಗೆ ಲಾರಿ ಹೊಡೆದವರು. ಒಂದು ದಿನ ಎಡಗಡೆಯಿಂದ ತಲೆಯ ಮೇಲೆ ಬುಟ್ಟಿ ಹೊತ್ತು ಬಂದ ಹೆಂಗಸು ಅವರಿಗೆ ಕಾಣಲೇ ಇಲ್ಲ. ಮೇಟ್, ಅಂದರೆ ಲಾರಿಯ ಕ್ಲೀನರು, ಕಿರುಚಿಕೊಂಡದ್ದರಿಂದ ಬ್ರೇಕು ಬಿತ್ತು. ಹೆಂಗಸಿನ ಟೊಮೆಟೊ ಮಾತ್ರ ಹೋಯಿತು. ಅವರು ಅಲ್ಲೇ ಲಾರಿ ಪಕ್ಕಕ್ಕೆ ಹಾಕಿ, ಕೀಲಿ ಮೇಟ್‌ನ ಕೈಗಿಟ್ಟು, ಬಸ್ಸು ಹತ್ತಿ ಮನೆಗೆ ಬಂದರು. ಕಣ್ಣಿನೊಳಗೆ ಒತ್ತಡ ಏರಿ ಅಕ್ಕಪಕ್ಕದ ನೋಟವೆಲ್ಲ ಸತ್ತುಹೋಗಿದೆ ಎಂದರು ಡಾಕ್ಟರು. ಹೋದದ್ದು ಬರುವುದಿಲ್ಲ. ಕಣ್ಣಿಗೆ ಔಷಧಿ ಹಾಕಿಕೊಳ್ಳುತ್ತಿದ್ದರೆ ಉಳಿದದ್ದು ಇನ್ನಷ್ಟು ದಿನ ಇದ್ದೀತು.

"ಎಷ್ಟ್ ದಿನ ಅಂದ್ರು ಅತಾ?"

"ಎರಡು ವರ್ಷ ಅಂದ್ರೆ ಎರಡು. ಮೂರಾದ್ರೆ ದೇವರ ದಯೆ. ಈಗ ಎದುರಿಗೆ ಒಂದು ಕಿಟಕಿ ಇದ್ದಂಗಿದೆ. ಅದು ಮುಚ್ಚೋದ್ರೊಳಗೆ ಇನ್ನೊಂದ್ ಸಲ ಓಡಿಸ್ಬೇಕು. ಯಾರಿಗೂ ತಾಗದ ಹಂಗೆ."

ಆಮೇಲೆ ಕರವಸ್ತ್ರ ಬಿಚ್ಚಿದರು. ಜಾಕು, ಸ್ಪ್ಯಾನರುಗಳು, ಹಗ್ಗ, ಟಾರ್ಪಾಲು ಎಲ್ಲವನ್ನೂ ಮಾರಿದ ದುಡ್ಡು. ಅವಳು ಕಣ್ಣಲ್ಲೇ ಲೆಕ್ಕ ಹಾಕಿದಳು. ಕಾಲೇಜು ಹುಡುಗರು ತರುವ ಅರ್ಧಕ್ಕಿಂತಲೂ ಕಡಿಮೆ ಇತ್ತು. ಆಗುವುದಿಲ್ಲ ಎಂದು ಹೇಳಲು ಬಾಯಿ ತೆರೆದವಳು, "ಶನಿವಾರ ಬನ್ನಿ" ಎಂದಳು.

ನಾಲ್ಕು ದಿನ ಓಣಿ ಓಣಿ ಸುತ್ತಿದಳು. ಎರಡು ಸತ್ತ ಪೆಟ್ಟಿಗೆಗಳ ಮೆಮೊರಿ ಕಿತ್ತು ಮೂರನೆಯದಕ್ಕೆ ಕೂರಿಸಿದಳು. ಹ್ಯಾಂಬರ್ಗಿನಿಂದ ಬಂದ ರಾಶಿಯಲ್ಲಿ ಕೀಚಲು ಪೆಡಲುಗಳ ಆಟದ ಸ್ಟೀರಿಂಗೊಂದು ಸಿಕ್ಕಿತು. ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು ಅದರ ಬಾಯಿ ಮುಚ್ಚಿಸಿದಳು. ಕಣ್ಣು ಮಂದವಾದ ಮನುಷ್ಯನಿಗೆ ಇನ್ನೂ ದೊಡ್ಡದು ಬೇಕಲ್ಲವೇ ಎಂದುಕೊಂಡು ಮೂವತ್ತೆರಡು ಇಂಚಿನ ಪರದೆಯನ್ನೇ ತಂದಳು. ಅಲ್ಲಿಗೆ ಕರವಸ್ತ್ರ ಖಾಲಿಯಾಯಿತು. ಪರದೆಯ ಮೇಲೆ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡಿಗೆ ಚಿಲ್ಲರೆ ಮಾತ್ರ ಉಳಿದಿತ್ತು. ಕಡ್ಡಿಯಂಥ ಹಳೆಯ ಕಾರ್ಡೊಂದನ್ನು ತಂದು ಸಿಕ್ಕಿಸಿದಳು.

ಶನಿವಾರ ಅತಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಆಟ ಶುರುವಾಯಿತು. ಲಾರಿ ಎರಡು ಗಜಕ್ಕೊಮ್ಮೆ ಬಿಕ್ಕಳಿಸುತ್ತಿತ್ತು. ಅಷ್ಟು ದೊಡ್ಡ ಪರದೆ ತುಂಬ ಚಿತ್ರ ಬಿಡಿಸಲು ಆ ಬಡಪಾಯಿ ಕಾರ್ಡಿಗೆ ಉಸಿರು ಸಾಲದು.

"ಮೂಗಿಗಿಂತ ಮೂಗುತಿನೇ ಭಾರ ಆಯ್ತಲ್ಲ ಮೇಡಂ," ಎಂದ ಬಫೋ.

ಬಿಕ್ಕಳಿಕೆಯನ್ನಾದರೂ ಸಹಿಸಬಹುದಿತ್ತು. ಲಾರಿಯ ಕನ್ನಡಿಗಳಿದ್ದದ್ದು ಪರದೆಯ ಎರಡು ಅಂಚಿನಲ್ಲಿ. ಅತಾ ಎಡಗನ್ನಡಿ ನೋಡಲು ಕತ್ತು ತಿರುಗಿಸಿದರೆ ರಸ್ತೆ ಮಾಯ, ರಸ್ತೆ ನೋಡಿದರೆ ಕನ್ನಡಿ ಮಾಯ. ಹಿಂದಕ್ಕೆ ಸರಿದು ಕೂರಲು ಅಂಗಡಿಯಲ್ಲೂ ಜಾಗವಿರಲಿಲ್ಲ, ಅವರ ಕೋಣೆಯಲ್ಲೂ ಇರಲಿಲ್ಲ. ಲಾರಿ ಗೇಟಿಗೆ ಗುದ್ದಿತು. ಮತ್ತೆ ಗುದ್ದಿತು. ಮೂರನೆಯ ಸಲ ಅತಾ ಸ್ಟೀರಿಂಗಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಬೇಡ ಬಿಡು ಮಗಳೇ. ಟೊಮೆಟೊ ಹೆಂಗಸಿನ್ ದಿನಾನೇ ಮುಗಿದಿತ್ತು ಅದು. ನನಗೇ ಬುದ್ಧಿ ಇಲ್ಲ."

ಜಾಕು ಮಾರಿದ್ದ ಮನುಷ್ಯ ಅದನ್ನು ಅಷ್ಟು ತಣ್ಣಗೆ ಹೇಳಿದ್ದು ಶೋರ್ಮೆಗೆ ಚಾಟಿಯ ಏಟಿನಂತಾಯಿತು. ಏಳಲು ಹೊರಟವರ ಭುಜ ಒತ್ತಿ ಕೂರಿಸಿದಳು. "ಒಂದೇ ನಿಮಿಷ ಅತಾ. ಪರದೆಯ ನಡುಮಧ್ಯ ನೋಡ್ತಾ ಇರಿ. ಕತ್ತು ಅಲ್ಲಾಡಿಸ್ಬೇಡಿ, ಕಣ್ಣೂ ಅಲ್ಲಾಡಿಸ್ಬೇಡಿ."

ಸ್ಕ್ರೂಡ್ರೈವರಿನ ತುದಿಯನ್ನು ಪರದೆಯ ಎಡ ಅಂಚಿಗಿಟ್ಟು ನಿಧಾನವಾಗಿ ಒಳಗೆ ಸರಿಸಿದಳು. "ಕಂಡ ತಕ್ಷಣ ಹೇಳಿ."

"ಇಲ್ಲ... ಇಲ್ಲ... ಇಲ್ಲ... ಹಾಂ, ಈಗ."

ಅಲ್ಲಿಗೊಂದು ಕಪ್ಪು ಟೇಪಿನ ಚೂರು ಅಂಟಿಸಿದಳು. ಬಲದಿಂದ ಒಂದು, ಮೇಲಿನಿಂದ ಒಂದು, ಕೆಳಗಿನಿಂದ ಒಂದು. ಹಿಂದೆ ಸರಿದು ನೋಡಿದಳು. ಅಷ್ಟು ದೊಡ್ಡ ಪರದೆಯ ನಡುವೆ ಒಂದು ಸಣ್ಣ ಚೌಕ. ಈ ಮನುಷ್ಯನಿಗೆ ಉಳಿದಿರುವ ಲೋಕವೆಲ್ಲ ಅಷ್ಟೇ. ಇದರೊಳಗೆ ಮಕ್ಕಳನ್ನು, ಮೊಮ್ಮಗಳನ್ನು, ಸಮುದ್ರವನ್ನು ನೋಡಿಕೊಂಡು, ಆ ಜನಜಂಗುಳಿಯ ನಡುವೆ ಒಬ್ಬರೇ ಅಂಗಡಿ ಹುಡುಕಿಕೊಂಡು ಬಂದಿದ್ದಾರಲ್ಲ! ಆ ಚೌಕದ ಅಳತೆಯನ್ನು ಎಲ್ಲೋ ನೋಡಿದ್ದೇನಲ್ಲ ಎನ್ನಿಸಿ ಹಿಂದೆ ತಿರುಗಿದಳು. ಮೂಲೆಯಲ್ಲಿ ಯಾರೂ ಕೇಳದ, ಹಳೆಯ ಆಫೀಸಿನ ಹದಿನೇಳು ಇಂಚಿನ ಚೌಕ ಪರದೆಗಳು ಸೊಂಟದೆತ್ತರ ಪೇರಿಸಿದ್ದವು. ತೂಕಕ್ಕೆ ಹಾಕಲೆಂದು ಅವಳೇ ಇಟ್ಟಿದ್ದಳು.

"ಬಫೋ, ನನ್ನ ತಲೆ ಮೇಲೊಂದು ಮೊಟಕು," ಎಂದಳು.

"ಮೊಟಕಿದ್ರೆ ಆಮೇಲೆ ಬೈಬಾರ್ದು ಮತ್ತೆ."

"ಹದಿನಾರು ವರ್ಷದಿಂದ ಬಂದೋರಿಗೆಲ್ಲ ದೊಡ್ಡ ಪರದೆ ದೊಡ್ಡ ಪರದೆ ಅಂತ ಬಡ್ಕೊಂಡೆ. ಈ ಕಣ್ಣಿಗೆ ಬೇಕಾಗಿರೋದು ಇದು ಕಣಯ್ಯಾ!"

ದೊಡ್ಡ ಪರದೆಯನ್ನು ಮಾರಿದವನಿಗೇ ಹಿಂದಿರುಗಿಸಿ, ಅವನ ಗೊಣಗಾಟಕ್ಕೆ ಚೂರು ಬಿಟ್ಟು, ಮಿಕ್ಕ ದುಡ್ಡಿನಲ್ಲಿ ಗಟ್ಟಿ ಕಾರ್ಡು ತಂದಳು. ಗಟ್ಟಿ ಎಂದರೂ ಅದೂ ಹೋಂ-ಯೂಸ್ಡೇ, ಫ್ಯಾನಿನ ಒಂದು ರೆಕ್ಕೆ ಮುರಿದಿತ್ತು. ಆದರೆ ಈಗ ಅದು ತುಂಬಬೇಕಾದದ್ದು ಪುಟ್ಟ ಪರದೆ, ಅರ್ಧದಷ್ಟು ಕೆಲಸ. ಮಧ್ಯಾಹ್ನ ಅತಾನ ಕೈಗೆ ಕರಿದ ಮೀನು, ಖಾರ, ಮೆಕ್ಕೆಜೋಳದ ಕೆಂಕೆ ಮುದ್ದೆ ಕೊಟ್ಟು ಅವಳು ಮಾತ್ರ ಉಣ್ಣದೆ ಜೋಡಿಸಿದಳು. ಕನ್ನಡಿಗಳನ್ನು ಆಟದೊಳಗೇ ಅಂಚಿನಿಂದ ಒಳಕ್ಕೆ ತಂದಳು. ಎರಡು ಗಂಟೆಯ ಹೊತ್ತಿಗೆ ಆ ಹಳೆಯ ಪರದೆಯಲ್ಲಿ ಯೂರೋಪಿನ ಯಾವುದೋ ಊರಿನ ಸರಕು ಅಂಗಳ ಮೂಡಿತು. ಹೊರಗೆ ನಮ್ಮ ಬಿಸಿಲು ತಗಡು ಕಾಯಿಸುತ್ತಿತ್ತು, ಒಳಗೆ ಅವರ ಜಡಿಮಳೆ ಗಾಜಿನ ಮೇಲೆ ಜಾರುತ್ತಿತ್ತು. ಒಂದು ಬಿಕ್ಕಳಿಕೆಯೂ ಇರಲಿಲ್ಲ.

ಅತಾ ಪ್ಲಾಸ್ಟಿಕ್ ಕುರ್ಚಿಯನ್ನು ಅಳತೆ ನೋಡಿದ ಜಾಗದಲ್ಲೇ ನೆಟ್ಟಗೆ ಮಾಡಿಕೊಂಡು ಕೂತರು. ಎಡಗನ್ನಡಿ ನೋಡಿದರು, ಬಲಗನ್ನಡಿ ನೋಡಿದರು. ಕತ್ತು ಅಲುಗಲಿಲ್ಲ, ಎಲ್ಲವೂ ಆ ಕಿಟಕಿಯೊಳಗೇ ಇತ್ತು. ಇಂಜಿನ್ ಚಾಲೂ ಆಯಿತು. ಗೇರು ಬಿತ್ತು. ಗಾಡಿ ಮಾತ್ರ ಕದಲಲಿಲ್ಲ. ಒಂದು ನಿಮಿಷವಾಯಿತು. ಶೋರ್ಮೆ ಅವರ ಪಕ್ಕಕ್ಕೆ ಬಗ್ಗಿದಳು.

"ಯಾಕ್ ಅತಾ? ಕಾಣಿಸ್ತಿಲ್ವಾ?"

"ಕಾಣಿಸ್ತಿದೆ."

"ಮತ್ತೆ?"

"ಮೇಟ್ ಇನ್ನೂ ತಟ್ಟಿಲ್ಲ."

ಬಫೋ ಕೂಡ ನಗಲಿಲ್ಲ. ಲಾರಿಯಿರಲಿ ಬಸ್ಸಿರಲಿ, ಹಿಂದೆ ನಿಂತ ಮೇಟ್ ಗಾಡಿಯ ತಗಡಿಗೆ ಎರಡು ಸಲ ತಟ್ಟಿದ ಮೇಲೇ ನಮ್ಮಲ್ಲಿ ಚಾಲಕ ಬ್ರೇಕಿನಿಂದ ಕಾಲೆತ್ತುವುದು. ನಿನಗೆ ಕಾಣದ ಕಡೆಯನ್ನೆಲ್ಲ ನಾನು ನೋಡಿದ್ದೇನೆ, ನೀನು ಹೋಗು ಎಂಬ ಮಾತು ಅದು. ಮೂವತ್ತೊಂದು ವರ್ಷ ಆ ಸದ್ದಿಲ್ಲದೆ ಹೊರಡದ ಕಾಲು ಈಗ ತಾನಾಗಿ ಹೇಗೆ ಹೊರಟೀತು?

ಕಂಪ್ಯೂಟರು ಚಾಲೂ ಇರುವಾಗ ಅದಕ್ಕೆ ಕೈ ತಾಗಿಸಿದವರ ಕೈ ಮುರಿಯುವಂಥ ಶೋರ್ಮೆ, ಅಂಗೈ ಅಗಲಿಸಿ ಪೆಟ್ಟಿಗೆಯ ಪಕ್ಕದ ತಗಡಿಗೆ ತಟ್ಟಿದಳು. ಟಪ್, ಟಪ್. "ರೈಟ್ ರೈಟ್, ಮಾಸ್ಟರ್!"

ಲಾರಿ ಹೊರಟಿತು.

ಆ ಓಣಿಯವರು ಗೇಮ್ ಆಡುವವರನ್ನು ದಿನವೂ ನೋಡುತ್ತಾರೆ. ಗುದ್ದುತ್ತಾರೆ, ನುಗ್ಗುತ್ತಾರೆ, ಕೂಗಾಡುತ್ತಾರೆ. ಹೀಗೆ ಓಡಿಸಿದವರನ್ನು ಯಾರೂ ನೋಡಿರಲಿಲ್ಲ. ಅತಾ ಆ ಒದ್ದೆ ರಸ್ತೆಯಲ್ಲಿ ಒಂದು ಬಾರಿಯೂ ಬಿಳಿಗೆರೆ ಮುಟ್ಟಲಿಲ್ಲ. ಇಳಿಜಾರಿಗೆ ಮೊದಲೇ ಗೇರು ಇಳಿಸಿದರು. ಎದುರಿನ ಗಾಡಿಗೆ ದೀಪ ತಗ್ಗಿಸಿದರು, ಆ ಗಾಡಿಯಲ್ಲಿ ಮನುಷ್ಯರೇ ಇಲ್ಲದಿದ್ದರೂ. ಅಂಗಡಿಯ ಮುಂದೆ ಇಪ್ಪತ್ತು ಜನ ಸೇರಿದರು. ಕೊನೆಗೆ ಗೋದಾಮು ಬಂತು. ಟ್ರೇಲರನ್ನು ಎರಡು ಗೋಡೆಗಳ ನಡುವೆ ಹಿಮ್ಮುಖವಾಗಿ ತೂರಿಸಬೇಕು. ಹುಡುಗರು ಅದನ್ನು ಆಡುವುದೇ ಇಲ್ಲ, ಒಂದು ಗುಂಡಿ ಒತ್ತಿ ತಪ್ಪಿಸಿಕೊಳ್ಳುತ್ತಾರೆ. ಅತಾ ಸ್ಟೀರಿಂಗನ್ನು ಬಲಕ್ಕೊಮ್ಮೆ, ಎಡಕ್ಕೊಮ್ಮೆ ತಿರುಗಿಸಿದರು. ಅಷ್ಟುದ್ದದ ಟ್ರೇಲರು ಒರೆಗೆ ಕತ್ತಿ ಸೇರಿದಂತೆ ಒಂದೇ ಸಲಕ್ಕೆ ಒಳಗೆ ಹೋಯಿತು.

"ನನ್ನಪ್ಪಾ..." ಎಂದ ಬಫೋ. ಶೋರ್ಮೆಯ ಕಣ್ಣು ತುಂಬಿತ್ತು. ತಾನು ಇಷ್ಟು ವರ್ಷ ಕಟ್ಟಿದ್ದು ಇಂಥ ಪೆಟ್ಟಿಗೆಗಳನ್ನೇ ಎಂದು ಅವಳಿಗೆ ನಂಬಲಾಗಲಿಲ್ಲ.

ಅತಾ ಇಂಜಿನ್ ಆರಿಸಿದರು. ಕೈಬ್ರೇಕು ಹಾಕಿದರು. "ಲೋಡು ಇಳಿಸ್ತಾ ಇರು, ನಾನೊಂಚೂರು ಕಾಲು ಚಾಚ್ತೀನಿ," ಎಂದು, ಪರದೆಯಿಂದ ಕಣ್ಣು ತೆಗೆಯದೆ, ಬಾಗಿಲಿನ ಹಿಡಿಗೆಂದು ಎಡಗೈ ಚಾಚಿದರು. ಕೈ ಗಾಳಿಯಲ್ಲಿ ತಡಕಾಡಿತು.

ಶೋರ್ಮೆ ಆ ಕೈ ಹಿಡಿದುಕೊಂಡಳು. ಎತ್ತರದ ಕ್ಯಾಬಿನ್ನಿನಿಂದ ಇಳಿಸಿಕೊಳ್ಳುವಂತೆ, ಒಂದೊಂದೇ ಕಾಲಿಗೆ ಜಾಗ ತೋರಿಸಿ, ಅವರನ್ನು ಪ್ಲಾಸ್ಟಿಕ್ ಕುರ್ಚಿಯಿಂದ ಕೆಳಗಿಳಿಸಿದಳು.